ಮಾವನವರು ಟಿವಿ ಬೀಳಿಸಿದ್ದು

ಜಾಗ ತುಂಬಿಹೋಗಿದೆ ಎಂದು ನನ್ನ ಮೊಬೈಲು ಈಚೆಗೆ ದಿನಾ ಗೊಣಗುತ್ತದೆ. ಏನಾದರೂ ಅಳಿಸೋಣವೆಂದು ಕೂತರೆ ಮೊದಲು ಕಣ್ಣಿಗೆ ಬೀಳುವುದು ಒಡೆದ ಟಿವಿಯೊಂದರ ಫೋಟೊಗಳು. ಮುಂದಿನಿಂದ ತೆಗೆದದ್ದು, ಹಿಂದಿನಿಂದ ತೆಗೆದದ್ದು, ಬಿರುಕು ಬಿಟ್ಟ ಮೂಲೆಯನ್ನು ಹತ್ತಿರದಿಂದ ತೆಗೆದದ್ದು, ಹಿಂಬದಿಯ ಚೀಟಿಯ ಪುಟ್ಟ ಅಂಕಿಗಳು ಕಾಣಲಿ ಎಂದು ನೆಲಕ್ಕೆ ಬಗ್ಗಿ ತೆಗೆದದ್ದು. ಒಂದರಲ್ಲಂತೂ ಆ ಕಪ್ಪು ಪರದೆಯ ಮೇಲೆ ನೈಟಿ ತೊಟ್ಟು, ತಲೆ ಕೆದರಿಕೊಂಡು ನಿಂತ ನಾನೇ ಕಾಣುತ್ತೇನೆ. ಅದೇ ಫೋಟೊ ಇನ್ಶೂರೆನ್ಸ್ ಕಂಪನಿಯವರ ಬಳಿಯೂ ಇದೆ ಎನ್ನುವುದು ನೆನಪಾದಾಗ ಈಗಲೂ ಮುಖ ಬಿಸಿಯಾಗುತ್ತದೆ.

ನೀವೆಲ್ಲ ಮೊಬೈಲಿನಲ್ಲಿ ಮಕ್ಕಳದ್ದು, ಮದುವೆಯದ್ದು, ಪ್ರವಾಸದ್ದು ಫೋಟೊ ಇಟ್ಟುಕೊಂಡಿರುತ್ತೀರಿ. ನಾನು ಒಡೆದ ಟಿವಿಯದ್ದು ಇಟ್ಟುಕೊಂಡಿದ್ದೇನೆ. ಅಳಿಸಲು ಬೆರಳು ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಯಾಕೆಂದು ಹೇಳಬೇಕಾದರೆ ನಮ್ಮ ಮಾವನವರ ವಿಷಯದಿಂದ ಶುರುಮಾಡಬೇಕು.

ಮಾವನವರ ಹೆಸರು ರುದ್ರಪ್ಪ. ಹರಿಹರ–ದಾವಣಗೆರೆ ನಡುವೆ ಓಡಾಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರು ನನಗೆ ಮಾವ ಆಗುವುದಕ್ಕೆ ಮೊದಲು ಕಂಡಕ್ಟರ್ ಆಗಿಯೇ ಗೊತ್ತು. ನನ್ನ ತವರು ಹರಿಹರ, ಕಾಲೇಜು ದಾವಣಗೆರೆಯಲ್ಲಿ. ಬೆಳಗಿನ ಬಸ್ಸೆಂದರೆ ಕಾಲೇಜು ಹುಡುಗಿಯರು, ಮಂಡಿಪೇಟೆಗೆ ಹೋಗುವ ವ್ಯಾಪಾರಸ್ಥರು, ಸೊಪ್ಪಿನ ಬುಟ್ಟಿಯ ಹೆಂಗಸರು, ಎಲ್ಲರೂ ಒಬ್ಬರ ಕಾಲ ಮೇಲೊಬ್ಬರು. ಆ ಗದ್ದಲದ ನಡುವೆ ಮಾವನವರು ಯಾವ ಕಂಬಿಯನ್ನೂ ಹಿಡಿಯದೆ ಓಡಾಡುತ್ತಿದ್ದರು. ಬಸ್ಸು ವಾಲಿದರೆ ಎಲ್ಲರೂ ವಾಲುತ್ತಿದ್ದೆವು, ಅವರು ಮಾತ್ರ ನೆಟ್ಟಗೆ. "ಮುಂದೆ ಹೋಗ್ರಿ, ಮುಂದೆ ಹೋಗ್ರಿ, ಒಳಗೆ ಮದುವೆ ಛತ್ರದಷ್ಟು ಜಾಗ ಐತೆ" ಎನ್ನುತ್ತಿದ್ದರು. ಛತ್ರ ಎಲ್ಲಿದೆಯೋ ಎಂದು ಸೊಪ್ಪಿನ ಹೆಂಗಸರು ಬೈಯುತ್ತಿದ್ದರು.

ನನಗೋ ಬಸ್ಸು ಹೊರಟರೆ ಸಾಕು, ನಿದ್ದೆ. ಕಿಟಕಿಯ ಕಂಬಿಗೆ ತಲೆ ತಾಗಿಸಿದರೆ ಊರು ಬಂದದ್ದೇ ತಿಳಿಯುತ್ತಿರಲಿಲ್ಲ. ಪ್ರತಿದಿನ ಅವರೇ ಸೀಟಿನ ಹಿಂಬದಿ ತಟ್ಟಿ, "ಏಳವ್ವ, ಕಾಲೇಜು ಬಂತು. ಉಳಿದ ನಿದ್ದಿ ಕ್ಲಾಸಿನಾಗೆ ಮಾಡೀಯಂತೆ" ಎಂದು ಇಳಿಸುತ್ತಿದ್ದರು. ಗೆಳತಿಯರ ಎದುರು ನನಗೆ ಅವಮಾನವಾಗುತ್ತಿತ್ತು. ಅವರು ಹೇಳಿದ್ದು ನಿಜವೂ ಆಗುತ್ತಿತ್ತು, ಅದು ಬೇರೆ ಮಾತು.

ಕೆಲವು ವರ್ಷಗಳ ನಂತರ ನನ್ನನ್ನು ನೋಡಲು ಬಂದ ಹುಡುಗನ ಹಿಂದೆ ಅವರು ನಮ್ಮ ಮನೆಯ ಒಳಗೆ ಕಾಲಿಟ್ಟಾಗ, ನಾನು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು "ಚಿಲ್ಲರೆ ತಂದಿಲ್ಲ" ಎನ್ನುವುದೊಂದು ಬಾಕಿ. ಅವರು ನನ್ನ ಅಪ್ಪನಿಗೆ, "ಹುಡುಗಿ ಗೊತ್ತಿರೋಳೇ ಬಿಡ್ರಿ. ಒಂದು ದಿನಾನೂ ಚಿಲ್ಲರೆಗೆ ಜಗಳ ತೆಗೆದೋಳಲ್ಲ" ಎಂದರು. ಜಗಳ ತೆಗೆಯಲು ಎಚ್ಚರ ಇರಬೇಕಲ್ಲ ಎಂದು ಹೇಳುವ ಧೈರ್ಯ ನನಗೆ ಆಗಲಿಲ್ಲ. ಮದುವೆಯಾಯಿತು.

ಮನೆಯಲ್ಲೂ ಅವರು ಕೂತದ್ದನ್ನು ನಾನು ಕಂಡಿದ್ದು ಕಡಿಮೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಪೇಪರು ಓದುತ್ತಿದ್ದರು. ಸಂಜೆ ಮಂಡಕ್ಕಿಯ ತಟ್ಟೆ ಕೊಟ್ಟರೆ ಅದನ್ನು ಎಡಗೈಯಲ್ಲಿ ಹಿಡಿದು ಅಂಗಳದಲ್ಲಿ ಓಡಾಡುತ್ತಾ ತಿನ್ನುತ್ತಿದ್ದರು. "ಕೂಡ್ರಿ ಮಾವಾರೆ" ಎಂದರೆ, "ಕೂತ್ರೆ ಕಾಲು ನೋಯ್ತವವ್ವ" ಎನ್ನುತ್ತಿದ್ದರು. ಹರಿಹರದ ಹೊಳೆ ದಂಡೆಯ ಮನೆ ಬಿಟ್ಟು ನಾವೆಲ್ಲ ದಾವಣಗೆರೆಯ ದೇವರಾಜ ಅರಸು ಬಡಾವಣೆಗೆ ಬಂದ ಮೇಲೂ, ನಮ್ಮ ಬೀದಿಯ ತುದಿಯಿಂದ ತುದಿಗೆ ಅವರು ದಿನಕ್ಕೆ ಅದೆಷ್ಟು ಸಲ ತಿರುಗುತ್ತಿದ್ದರೋ. ಬೀದಿಯವರಿಗೆ ಅವರನ್ನು ನೋಡಿಯೇ ಹೊತ್ತು ತಿಳಿಯುತ್ತಿತ್ತು.

ಅಂಥವರಿಗೆ ಕಳೆದ ಚಳಿಗಾಲದಲ್ಲಿ ಬಲಭಾಗಕ್ಕೆ ಲಕ್ವ ಹೊಡೆಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಮಾತು ನಿಧಾನವಾಗಿ ಮರಳಿತು, ಕೊಂಚ ತೊದಲಿದರೂ ಅರ್ಥವಾಗುತ್ತಿತ್ತು. ಕೈಯೂ ಅರ್ಧ ಬಂತು. ಕಾಲಿಗೆ ಶಕ್ತಿ ಇದೆ, ಅಭ್ಯಾಸ ಮಾಡಿಸಿ ಎಂದು ಡಾಕ್ಟರು ಹೇಳಿದರು. ಅದಕ್ಕಾಗಿ ಶಬಾನಾ ಎಂಬ ಫಿಸಿಯೋಥೆರಪಿಯ ಹುಡುಗಿ ಸ್ಕೂಟಿಯಲ್ಲಿ ಬರತೊಡಗಿದಳು. ನಾವಿಬ್ಬರೂ ಎರಡು ಕಡೆ ಹಿಡಿದರೆ ಮಾವನವರು ಏಳುತ್ತಿದ್ದರು. ಕೈ ಸಡಿಲಿಸಿದೆವೋ, ಗಾಲಿಕುರ್ಚಿಗೆ ಕುಸಿಯುತ್ತಿದ್ದರು. "ನಾಳೆ ನೋಡಾನವ್ವ" ಎನ್ನುತ್ತಿದ್ದರು.

"ಅಜ್ಜಾರೆ, ನಿಮ್ಮ ನಾಳೆ ಯಾವ ತಿಂಗಳಾಗೆ ಬರ್ತೈತಿ ಹೇಳ್ರಿ, ಅವತ್ತೇ ಬರ್ತೀನಿ" ಎಂದು ಶಬಾನಾ ತಮಾಷೆ ಮಾಡುತ್ತಿದ್ದಳು. ಅವರು ನಕ್ಕು ಕಿಟಕಿಯ ಕಡೆ ನೋಡುತ್ತಿದ್ದರು. ಬೀಳುವ ಭಯ ಎಂದು ಅವಳು ನನಗೆ ಹೊರಗೆ ಬಂದು ಹೇಳಿದಳು. ಓಡುವ ಬಸ್ಸಿನಲ್ಲಿ ಕೈ ಬಿಟ್ಟು ನಡೆದ ಮನುಷ್ಯನಿಗೆ ಅಲುಗಾಡದ ನೆಲದ ಮೇಲೆ ಭಯ. ಕಾಯಿಲೆ ಮನುಷ್ಯನನ್ನು ಎಲ್ಲಿಗೆ ತಂದು ಕೂರಿಸುತ್ತದೆ ನೋಡಿ.

ಕೂತೇ ಇರಬೇಕಲ್ಲ, ಹೊತ್ತು ಹೋಗಲಿ ಎಂದು ನಮ್ಮ ಮನೆಯವರು ದೊಡ್ಡದೊಂದು ಟಿವಿ ತಂದರು. ಅವರದು ಬೋರ್‌ವೆಲ್ ಮೋಟಾರಿನ ಬಿಡಿಭಾಗಗಳ ಅಂಗಡಿ. ಅಪ್ಪನ ಜೊತೆ ಕೂರಲು ಬಿಡುವಿಲ್ಲದ ಕೊರಗನ್ನು ಅವರು ಟಿವಿಯ ಅಗಲದಲ್ಲಿ ತೀರಿಸಿಕೊಂಡರು ಎಂದು ನನ್ನ ಅನುಮಾನ. ಗೋಡೆಗೆ ಹೊಡೆಸುವುದು ಆಮೇಲೆ ನೋಡಿದರಾಯಿತೆಂದು ಸದ್ಯಕ್ಕೆ ಸ್ಟ್ಯಾಂಡಿನ ಮೇಲೆ ಇಟ್ಟೆವು.

ಮಳೆಗಾಲ ಬಂತು. ಒಂದು ಭಾನುವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಾಲಿನಲ್ಲಿ ಟಿವಿಯವನು ತುಂಗಭದ್ರೆ ತುಂಬಿ ಹರಿಯುತ್ತಿರುವುದನ್ನು, ಹರಿಹರದ ದಂಡೆಯ ಓಣಿಗಳಿಗೆ ನೀರು ಬಂದಿರುವುದನ್ನು ಒದರುತ್ತಿದ್ದ. ಇದ್ದಕ್ಕಿದ್ದಂತೆ ದಬ್ ಎಂದು ಸದ್ದಾಯಿತು. ಟಿವಿಯವನ ಗಂಟಲು ನಿಂತಿತು.

ಹಿಟ್ಟಿನ ಕೈಯಲ್ಲೇ ಓಡಿದೆ. ಟಿವಿ ಮುಖ ಅಡಿಯಾಗಿ ಬಿದ್ದಿತ್ತು. ಮಾವನವರು ಪಕ್ಕದ ದಿವಾನಿನ ಮೇಲೆ ಅಡ್ಡಡ್ಡ ಬಿದ್ದಿದ್ದರು. ತಲೆ ಮುಟ್ಟಿದೆ, ಕಾಲು ಮುಟ್ಟಿದೆ. ಎಲ್ಲೂ ಏಟಾಗಿರಲಿಲ್ಲ, ಹಾಸಿಗೆಯ ಪುಣ್ಯ. ಅವರು ಕಣ್ಣು ಬಿಟ್ಟು ಮೊದಲು ಹೇಳಿದ್ದು, "ಟಿವಿ ಹೋತು."

"ಹೋಗ್ಲಿ ಬಿಡ್ರಿ. ಹೆಂಗೆ ಬಿದ್ರಿ?"

"ನಮ್ಮ ಓಣಿ ತೋರಿಸ್ತಿದ್ರವ್ವ. ನೀರು ನಮ್ಮ ಹಳೇ ಮನೆ ಮೆಟ್ಟಿಲಿಗೆ ಬಂದೈತೋ ಇಲ್ಲೋ ಸರಿಯಾಗಿ ಕಾಣಲಿಲ್ಲ. ಹತ್ರ ಹೋಗಿ ನೋಡಾನ ಅಂತ…"

ನಾನು ತಿರುಗಿ ನೋಡಿದೆ. ಗಾಲಿಕುರ್ಚಿ ಆಚೆ ಕಿಟಕಿಯ ಬಳಿ ಇತ್ತು. ಟಿವಿ ಇದ್ದದ್ದು ಎದುರಿನ ಗೋಡೆಯ ಬಳಿ. ನಡುವೆ ಇಡೀ ಹಾಲ್. ಹೊಳೆ ನೋಡುವ ಆತುರದಲ್ಲಿ ಮಾವನವರು ತಮಗೆ ನಡೆಯಲು ಬರುವುದಿಲ್ಲ ಎನ್ನುವುದನ್ನೇ ಮರೆತಿದ್ದರು. ಕೊನೆಯಲ್ಲಿ ಅದು ನೆನಪಾಗಿ, ಆಸರೆಗೆಂದು ಟಿವಿಯನ್ನೇ ಹಿಡಿದಿದ್ದರು.

ಇದನ್ನು ನಾನು ಬಾಯಿ ಬಿಟ್ಟು ಹೇಳುವ ಮೊದಲೇ ನಮ್ಮ ಮನೆಯವರು ಬಚ್ಚಲಿನಿಂದ ಒದ್ದೆ ಮೈಯಲ್ಲಿ ಓಡಿ ಬಂದರು. "ಯಾಕ್ ಎದ್ರಿ ಅಪ್ಪಾಜಿ? ಕರೆದಿದ್ರೆ ಬರ್ತಿರಲಿಲ್ವಾ? ಸುಮ್ನೆ ಕೂಡ್ರಾಕೆ ಏನು?" ಎಂದರು. ಗಾಬರಿಯ ಮಾತು ಅದು. ಧ್ವನಿ ಮಾತ್ರ ಸಿಟ್ಟಿನದಾಗಿತ್ತು. ಮಾವನವರು ಅದನ್ನೇ ಕೇಳಿಸಿಕೊಂಡರು. "ತಪ್ಪಾತಪ್ಪ" ಎಂದರು.

ಮಾರನೆಯ ದಿನ ಶಬಾನಾ ಬಂದಳು. ನಡೆದದ್ದನ್ನು ಕೇಳಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು. "ಯಾರೂ ಹಿಡೀದೇನಾ ಅಕ್ಕಾ? ಅಲ್ಲಿಂದ ಇಲ್ಲೀತನಕ?" ಎಂದು ಕಿಟಕಿಯಿಂದ ಸ್ಟ್ಯಾಂಡಿನವರೆಗೆ ತಾನೇ ನಡೆದು ನೋಡಿದಳು. ಆಮೇಲೆ ಮಾವನವರ ಎದುರು ಕೂತು, "ಅಜ್ಜಾರೆ, ಟಿವಿ ಬಿಡ್ರಿ. ಇವತ್ತು ಅದೇ ದಾರೀಲಿ ಇನ್ನೊಂದ್ಸಲ ಹೋಗೋಣ" ಎಂದಳು.

"ಬ್ಯಾಡ" ಎಂದರು ಮಾವನವರು. ಅಂದಿನಿಂದ ಅವರ ಬಾಯಲ್ಲಿ 'ನಾಳೆ' ಹೋಗಿ 'ಬ್ಯಾಡ' ಬಂತು. ನಾವಿಬ್ಬರೂ ಹಿಡಿದರೂ ಏಳಲೊಲ್ಲರು. ನನಗೆ ಟಿವಿಯ ಚಿಂತೆ ಇದ್ದದ್ದು ನಿಜ, ಆದರೆ ಈ 'ಬ್ಯಾಡ' ಅದಕ್ಕಿಂತ ಭಾರವಾಗಿತ್ತು.

ಮನೆಯ ಸಾಮಾನಿಗೆ ಇನ್ಶೂರೆನ್ಸ್ ಇದೆ ಎಂಬುದು ನನಗೆ ಹೊಳೆದದ್ದು ಆಗ. ಮಹಡಿ ಕಟ್ಟಿಸಲು ಸಾಲ ಮಾಡಿದಾಗ ಬ್ಯಾಂಕಿನವರು "ಇದೂ ಒಂದು ಇರಲಿ ಮೇಡಂ" ಎಂದು ಜೊತೆಗೆ ಕೊಟ್ಟಿದ್ದರು. ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಪಾಠವನ್ನು ಸಾಲು ಬಿಡದೆ ಓದಿ ಎಂದು ಮಕ್ಕಳ ತಲೆ ತಿನ್ನುವವಳು. ಆ ಪಾಲಿಸಿಯಲ್ಲಿ ನಾನು ಓದಿದ್ದು ನನ್ನ ಹೆಸರಿನ ಕಾಗುಣಿತ ಸರಿಯಾಗಿದೆಯೇ ಎನ್ನುವುದೊಂದನ್ನೇ. ಈಗ ಕನ್ನಡಕ ಹಾಕಿಕೊಂಡು ಕೂತು ಓದಿದೆ. ಟಿವಿ, ಫ್ರಿಜ್ಜು ಇತ್ಯಾದಿಗಳಿಗೆ ಆಕಸ್ಮಿಕವಾಗಿ ಆದ ಹಾನಿಗೂ ಪರಿಹಾರ ಉಂಟು ಎಂದಿತ್ತು.

ಕಂಪನಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಪಠ್ಯಪುಸ್ತಕದಂಥ ಕನ್ನಡದಲ್ಲಿ ಒಬ್ಬ ಹುಡುಗಿ ಮಾತಾಡಿದಳು. "ಹಾನಿ ಹೇಗೆ ಸಂಭವಿಸಿತು ಎಂದು ತಿಳಿಸುತ್ತೀರಾ?"

ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರು, "ಬೆಕ್ಕು ಬೀಳಿಸ್ತು ಅನ್ನು" ಎಂದು ಪಿಸುಗುಟ್ಟಿದರು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಒಳಗಿನಿಂದ ಮಾವನವರ ದನಿ ಬಂತು: "ನನ್ನ ಹೆಸರು ಹಾಕ್ಬ್ಯಾಡವ್ವ ಗಿರಿಜಾ. ಮುದುಕ ಮನೆ ಸಾಮಾನು ಒಡೀತಾನೆ ಅಂತ ಯಾರ್ಯಾರಿಗೋ ಯಾಕೆ ಗೊತ್ತಾಗಬೇಕು?"

ಫೋನಿನಲ್ಲಿ ಹುಡುಗಿ ಕಾಯುತ್ತಿದ್ದಳು. ಬೆಕ್ಕೆಂದು ಹೇಳಿದ್ದರೆ ಅಪ್ಪ, ಮಗ ಇಬ್ಬರಿಗೂ ಸಮಾಧಾನವಾಗುತ್ತಿತ್ತೋ ಏನೋ. ಆದರೆ ಅವರು ಎದ್ದು ನಡೆದದ್ದನ್ನು ಕಂಡವರೇ ಯಾರೂ ಇರಲಿಲ್ಲ. ಈಗ ನಾನೂ ಬೆಕ್ಕಿನ ಹೆಸರು ಹೇಳಿದರೆ ಆ ನಡಿಗೆ ನಡೆದೇ ಇಲ್ಲ ಎಂದಾಗಿಬಿಡುತ್ತಿತ್ತು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ನಮ್ಮ ಮಾವನವರು ಬಹಳ ತಿಂಗಳಿಂದ ಗಾಲಿಕುರ್ಚಿಯಲ್ಲಿದ್ದಾರೆ. ಭಾನುವಾರ ತಾವಾಗಿಯೇ ಎದ್ದು ನಡೆದು ಬಂದರು. ಕೊನೆಗೆ ಟಿವಿ ಹಿಡಿದುಕೊಂಡರು. ಅದು ಬಿತ್ತು."

ಆಚೆ ಕಡೆ ಕಂಪ್ಯೂಟರ್ ಕೀಲಿಗಳ ಟಕಟಕ ನಿಂತಿತು. "ಅಜ್ಜನಿಗೆ ಏನೂ ಆಗಿಲ್ಲ ತಾನೇ ಮೇಡಂ?" ಎಂದಳು ಹುಡುಗಿ. ಪಠ್ಯಪುಸ್ತಕದ ಕನ್ನಡ ಅದೊಂದು ಸಾಲಿಗೆ ಬಿಟ್ಟುಹೋಗಿತ್ತು.

ಟಿವಿಯನ್ನು ಎಸೆಯಬೇಡಿ, ಯಾರಿಂದಲೂ ಬಿಚ್ಚಿಸಬೇಡಿ, ಫೋಟೊ ಕಳಿಸಿ, ಕೊಂಡ ಬಿಲ್ಲು ಮತ್ತು ರಿಪೇರಿಯ ಅಂದಾಜು ತೆಗೆದಿಡಿ, ಹಾನಿ ನೋಡಲು ಸರ್ವೇಯರ್ ಬರುತ್ತಾರೆ ಎಂದು ಹೇಳಿ ಫೋನಿಟ್ಟಳು. ಮನೆ ಚೊಕ್ಕಟ ಮಾಡುವ ಹುರುಪಿನಲ್ಲಿ ನಾನು ಅಷ್ಟರಲ್ಲೇ ಗುಜರಿಯವನಿಗೆ ಹೇಳಿಯಾಗಿತ್ತು. ಗೇಟಿಗೆ ಬಂದಿದ್ದ ಅವನನ್ನು ಹಳೆಯ ಪೇಪರು ಕೊಟ್ಟು ಸಾಗಹಾಕಿದೆ. ಮಾವನವರು ಅಂದು ರಾತ್ರಿ ನನ್ನೊಡನೆ ಮಾತಾಡದೆ ಉಂಡರು.

ಸರ್ವೇಯರ್ ಬಂದದ್ದು ಆ ವಾರದ ಕೊನೆಗೆ. ಕೊಟ್ರೇಶ್ ಎಂದು ಹೆಸರು, ಮಾಯಕೊಂಡದವರು, ಹೆಗಲಿಗೆ ಚೀಲ ಹಾಕಿಕೊಂಡ ಮೆದು ಮಾತಿನ ಮನುಷ್ಯ. ಟಿವಿಯನ್ನು ತಿರುಗಿಸಿ ನೋಡಿದರು, ಸ್ಟ್ಯಾಂಡನ್ನು ಅಲುಗಾಡಿಸಿ ನೋಡಿದರು, ಬಿಲ್ಲು ನೋಡಿದರು. ಆಮೇಲೆ ಗಾಲಿಕುರ್ಚಿಯಲ್ಲಿದ್ದ ಮಾವನವರ ಕಡೆ ಕಣ್ಣು ಹಾಯಿಸಿ ನಮ್ಮ ಮನೆಯವರನ್ನು ಕೇಳಿದರು, "ಯಜಮಾನ್ರು ನಡೀತಾರಾ?"

ಮನೆಗೆ ಯಾರು ಬಂದು ಕೇಳಿದರೂ ಕೊಡುತ್ತಿದ್ದ ಉತ್ತರವನ್ನೇ ನಮ್ಮ ಮನೆಯವರು ಅಭ್ಯಾಸಬಲದಿಂದ ಕೊಟ್ಟರು. "ಎಲ್ಲಿ ನಡೀತಾರೆ ಸರ್, ಪಾಪ. ಏಳೋಕೂ ಆಗಲ್ಲ. ಎಲ್ಲಾ ನಾವೇ ಮಾಡಬೇಕು."

ಕೊಟ್ರೇಶರ ಪೆನ್ನು ನಿಂತಿತು. "ಏಳೋಕೆ ಆಗಲ್ಲ ಅಂತೀರಿ. ಎದ್ದು ನಡೆದು ಬಂದು ಬೀಳಿಸಿದ್ರು ಅಂತ ಬರೆಸೀರಿ. ಎರಡರಾಗೆ ಯಾವುದು ಖರೆ?"

ನಾನು ಏನೋ ಹೇಳಲು ಹೋದೆ. ಕೊಟ್ರೇಶ್ ಕೈಯೆತ್ತಿ ತಡೆದರು. "ಬೇಜಾರಾಗಬ್ಯಾಡ್ರಿ ಮೇಡಂ, ನನ್ನ ಕೆಲಸ ಹಂಗೈತೆ. ಮಕ್ಕಳು ಬ್ಯಾಟು ಬೀಸಿ ಒಡೆದಿರ್ತಾರೆ, ಅಂಗಡಿಗೆ ಒಯ್ಯುವಾಗ ಆಟೋದಾಗೆ ಬಿದ್ದಿರ್ತೈತೆ, ಹೇಳೋದು ಇನ್ನೊಂದು. ಹೇಳಿದ್ದಕ್ಕೂ ನೋಡಿದ್ದಕ್ಕೂ ತಾಳೆ ಆಗಲಿಲ್ಲ ಅಂದ್ರೆ ನಾನು ಹಂಗೇ ಬರೀಬೇಕಾಗ್ತೈತೆ."

ಕಿಟಕಿಯ ಕಡೆಯಿಂದ ಮಾವನವರು ಕೇಳಿದರು, "ಏನಂತಪ್ಪ?"

"ನಿಮ್ಮ ಸೊಸೆ ನೀವು ನಡೆದ್ರಿ ಅಂತಾರೆ, ಮಗ ಇಲ್ಲ ಅಂತಾರೆ ಯಜಮಾನ್ರೆ. ಯಾರದು ಬರ್ಕೊಳ್ಳಲಿ ಅಂತ ಕೇಳ್ತಿದೀನಿ."

ಮಾವನವರು ಮಗನನ್ನು ನೋಡಿದರು. ಆಮೇಲೆ ನನ್ನನ್ನು. ನಂತರ ಎಡಗೈಯಿಂದ ಗಾಲಿಕುರ್ಚಿಯ ಬ್ರೇಕು ಹಾಕಿದರು. ನಾನು ಓಡಿಹೋಗಿ ತೋಳಿಗೆ ಕೈ ಹಾಕಿದೆ. "ಬಿಡವ್ವ" ಎಂದರು.

ಬಿಡುವುದು ಸುಲಭವಲ್ಲ. ಬಿದ್ದರೆ ಏನು ಗತಿ? ಬಿಟ್ಟೆ. ಅವರು ಎಡಗೈಯನ್ನು ಕುರ್ಚಿಗೆ ಒತ್ತಿ ಮುಂದಕ್ಕೆ ಬಾಗಿದರು, ಅರ್ಧ ಎದ್ದರು, ಅಲ್ಲೇ ತಡೆದರು, ಮತ್ತೆ ಎದ್ದರು. ಪೂರ್ತಿ ಎದ್ದು ನಿಂತಾಗ ಅವರು ಎಷ್ಟು ಎತ್ತರದ ಮನುಷ್ಯ ಎಂಬುದು ನನಗೆ ನೆನಪಾಯಿತು. ಎಡಗಾಲು ಮುಂದಿಟ್ಟರು. ಬಲಗಾಲು ಟೈಲ್ಸಿನ ಮೇಲೆ ಸರ್ರೆಂದು ಎಳೆದುಕೊಂಡು ಹಿಂದೆ ಬಂತು. ಮತ್ತೆ ಎಡಗಾಲು, ಮತ್ತೆ ಆ ಸರ್ರೆನ್ನುವ ಸದ್ದು. ಹಾಲಿನ ನಡುವೆ ಒಮ್ಮೆ ವಾಲಿದರು. ಮೂವರೂ ಕೈ ಚಾಚಿದೆವು. ಅವರು ತಾವೇ ಸುಧಾರಿಸಿಕೊಂಡರು. ಸ್ಟ್ಯಾಂಡಿನ ಬಳಿ ಬಂದು, ಈ ಸಲ ಅದರ ಪಕ್ಕದ ಗೋಡೆಗೆ ಅಂಗೈ ಊರಿ ನಿಂತರು.

ಉಸಿರು ತಹಬಂದಿಗೆ ಬಂತು. ಆಮೇಲೆ ಅವರು ಕೊಟ್ರೇಶರ ಕಡೆ ತಿರುಗಿ, ತೊದಲುತ್ತಲೇ, ಆದರೆ ಗಟ್ಟಿಯಾಗಿ ಹೇಳಿದರು: "ಟಿಕೆಟ್ ಇಲ್ಲದೆ ಸುಳ್ಳು ಹೇಳೋರ್ನ ಬಾಳ ಮಂದೀನ ನೋಡೀನಪ್ಪ. ನಾನು ಆ ಪೈಕಿ ಅಲ್ಲ. ರುದ್ರಪ್ಪ ಅಂತ ಬರ್ಕೊ. ನಾನೇ ನಡೆದಿದ್ದು, ನಾನೇ ಬೀಳಿಸಿದ್ದು."

"ಬರ್ಕೊಂತೀನಿ ಯಜಮಾನ್ರೆ. ಮೊದ್ಲು ಕೂಡ್ರಿ" ಎಂದು ಕೊಟ್ರೇಶ್ ತಾವೇ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ನಮ್ಮ ಮನೆಯವರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಒಳಗೆ ಹೋದರು. ಬೇಡ ಬೇಡವೆನ್ನುತ್ತಲೇ ಕೊಟ್ರೇಶ್ ಚಹಾ ಕುಡಿದರು. ಅವರು ಹೊರಡುವಾಗ ಮಾವನವರು, "ಮಾಯಕೊಂಡದ ಕಡೆ ನಂಗೆ ರೂಟ್ ಸಿಗಲೇ ಇಲ್ಲ ನೋಡು. ಸಿಕ್ಕಿದ್ರೆ ನಿನ್ನ ಗುರುತು ಇರ್ತಿತ್ತು" ಎಂದರು.

ಆಮೇಲಿನದು ಸಾಮಾನ್ಯ ಕಥೆ. ಕಂಪನಿಯವರು ಇನ್ನೊಂದು ಕಾಗದ ಕೇಳಿದರು, ಅದು ಸಿಕ್ಕಿತು. ಟಿವಿ ಬಳಸಿದ ಕಾಲಕ್ಕೆಂದು ಒಂದಿಷ್ಟು ಕಳೆದು, ಉಳಿದದ್ದನ್ನು ಮಂಜೂರು ಮಾಡಿದ ಸಂದೇಶ ನಾನು ತರಗತಿಯಲ್ಲಿದ್ದಾಗ ಬಂತು. ಮಕ್ಕಳಿಗೆ ಪತ್ರಲೇಖನ ಹೇಳಿಕೊಡುತ್ತಿದ್ದವಳು ನಡುವೆ ಒಬ್ಬಳೇ ನಕ್ಕೆ. ಮಕ್ಕಳೂ ಯಾಕೆಂದು ತಿಳಿಯದೆ ನಕ್ಕವು.

ಅಷ್ಟರಲ್ಲಿ ಮನೆಯಲ್ಲಿ ಬೇರೆಯದೇ ನಡೆದಿತ್ತು. 'ಬ್ಯಾಡ' ಹೋಗಿ ಅದರ ಜಾಗದಲ್ಲಿ 'ಬಿಡವ್ವ' ಬಂದಿತ್ತು. ಶಬಾನಾ ನಾಲ್ಕು ಕಾಲಿನ ಊರುಗೋಲು ತಂದುಕೊಟ್ಟಳು. ಹಾಲ್, ಜಗಲಿ, ಗೇಟು, ಹೀಗೆ ಅವರ ರೂಟು ಬೆಳೆಯುತ್ತಾ ಹೋಯಿತು. ನಮ್ಮ ಮನೆಯವರು ಈಗ ಬಂದವರಿಗೆಲ್ಲ, "ಅಪ್ಪಾಜಿ ಈಗ ಗೇಟಿನ ತನಕ ಹೋಗ್ತಾರೆ" ಎನ್ನುತ್ತಾರೆ, ಕೇಳದಿದ್ದರೂ.

ಹೊಸ ಟಿವಿ ತರಲು ಹೊರಟ ದಿನ, "ನಾನೂ ಬರ್ತೀನಿ" ಎಂದರು ಮಾವನವರು. ಕಾರಿನ ಹಿಂದೆ ಗಾಲಿಕುರ್ಚಿಯನ್ನೂ ಹಾಕಿಕೊಂಡೆವು. ಅಂಗಡಿಯ ಎದುರು ಇಳಿದವರು ಅದನ್ನು ತೆಗೆಯಲು ಬಿಡಲಿಲ್ಲ. ಊರುಗೋಲು ಊರಿ ಒಳಗೆ ನಡೆದರು. ಉದ್ದಕ್ಕೂ ಸಾಲಾಗಿ ಟಿವಿಗಳು, ಎಲ್ಲದರಲ್ಲೂ ಒಂದೇ ಕೆಂಪು ಹೂವು ಅರಳುತ್ತಿತ್ತು. ಅಂಗಡಿಯವರು ಕುರ್ಚಿ ಎಳೆದು ಹಾಕಿ, "ಕೂಡ್ರಿ ಅಜ್ಜಾರೆ, ಕೂತಲ್ಲೇ ಎಲ್ಲಾ ತೋರಿಸ್ತೀವಿ" ಎಂದರು.

"ಬ್ಯಾಡ, ನಿಂತೇ ನೋಡ್ತೀನಿ" ಎಂದರು.

ಒಂದೊಂದರ ಮುಂದೂ ನಿಂತರು. ಬೆಲೆ ಕೇಳಿದರು, ಬಗ್ಗಿ ನೋಡಿದರು, ಮುಂದೆ ಹೋದರು. ನಮ್ಮ ಮನೆಯವರು ಎರಡೂ ತೋಳು ಚಾಚಿಕೊಂಡು, ಅಪ್ಪನಿಗೂ ಟಿವಿಗಳಿಗೂ ನಡುವೆ ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತಾ, "ಯಾವುದನ್ನೂ ಹಿಡ್ಕೋಬ್ಯಾಡ್ರಿ ಅಪ್ಪಾಜಿ, ನನ್ನ ಹಿಡ್ಕೊಳ್ರಿ" ಎನ್ನುತ್ತಿದ್ದರು. ಅಂಗಡಿಯವರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದೆ.

ಸಾಲಿನ ಕೊನೆ ಮುಟ್ಟಿದ ಮೇಲೆ ಮಾವನವರು ನಿಂತು ಉಸಿರು ತೆಗೆದುಕೊಂಡರು. ನಿಂತಲ್ಲೇ ತಿರುಗುವುದು ಅವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಊರುಗೋಲನ್ನು ಸ್ವಲ್ಪ ಸ್ವಲ್ಪವೇ ಸರಿಸಿ, ನಿಧಾನವಾಗಿ ಪೂರ್ತಿ ತಿರುಗಿದರು. ಇಷ್ಟು ಹೊತ್ತು ನೋಡಿದ ಅಷ್ಟೂ ಟಿವಿಗಳ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದರು.

"ಹೆಂಗೈತೆ ಅಪ್ಪಾಜಿ? ಯಾವುದು ತಗೊಳ್ಳೋಣ?" ಎಂದು ನಮ್ಮ ಮನೆಯವರು ಕೇಳಿದರು.

"ಎಲ್ಲಾ ಚಲೋ ಅದಾವ" ಎಂದರು ಮಾವನವರು. ಆಗಲೇ ಬಾಗಿಲಿನ ಕಡೆ ಎಡಗಾಲು ಇಟ್ಟಾಗಿತ್ತು. "ನಡೀರಿ, ಇನ್ನೊಂದು ಅಂಗಡಿ ನೋಡಾನ."